ಲಗ್ನ ಆದವರಷ್ಟೇ ಕನ್ನಡದವರು

ಎರಡು ತಿಂಗಳ ಹಿಂದೆ ಪದ್ಮಾವತಿ ಮೇಡಂ ಮೂಡಲಗಿಯಿಂದ ಬಂದು ಮಗಳ ಲಗ್ನಪತ್ರಿಕೆ ಕೈಗಿತ್ತು ಹೋದರು. ನಾಲ್ಕೂ ಮೂಲೆಗೆ ಅರಿಶಿನ. ಆ ವಾಸನೆಗೆ ಬೇರೆಯವರಿಗೆ ಮದುವೆಯೂಟ ನೆನಪಾಗುತ್ತದೆ; ನಾನು ಪತ್ರಿಕೆಯನ್ನು ಮಗುಚಿ ಇಟ್ಟುಬಿಡುತ್ತೇನೆ. ಯಾಕೆಂದು ವರ್ಷಗಟ್ಟಲೆ ಯಾರಿಗೂ ಹೇಳಿರಲಿಲ್ಲ. ಈಗ ನಿಮಗೂ ಹೇಳಿಬಿಡುತ್ತೇನೆ.

ಮೆಟ್ರಿಕ್ ಮುಗಿಸಿ ಟೈಪಿಂಗ್ ಕಲಿತವನು ನಾನು. ಎರಡು ಸಾವಿರದ ಇಸವಿಯ ಆಚೀಚೆ ಗೋಕಾಕದಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದೆ. ಆಗಿನ ಕನ್ನಡ ಈಗಿನ ಹಾಗೆ ಎಲ್ಲ ಕಂಪ್ಯೂಟರಿನಲ್ಲೂ ತೆರೆಯುತ್ತಿರಲಿಲ್ಲ. ಅಕ್ಷರದ ಸಾಫ್ಟ್‌ವೇರಿಗೆ ಬೀಗದಂಥ ಒಂದು ಡಬ್ಬಿ ಬರುತ್ತಿತ್ತು. ಅದನ್ನು ಮಶೀನಿನ ಬೆನ್ನಿಗೆ ಸಿಕ್ಕಿಸಿದರೆ ಕನ್ನಡ. ಇಲ್ಲದಿದ್ದರೆ ಪರದೆ ತುಂಬ ಕೊಂಬು, ಬಾಲ ಹಚ್ಚಿದ ಇಂಗ್ಲಿಷ್ ಅಕ್ಷರಗಳು.

ಪದ್ಮಾವತಿ ಮೇಡಂ ಆಗ ಊರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ಅವರಿಗೊಂದು ಹಟ ಹತ್ತಿತ್ತು. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ಒಂದು ಪ್ರೋಗ್ರಾಂ ಇದೆಯಂತೆ. ಗುರುತಿಲ್ಲದ ಫೈಲು ಕೊಟ್ಟರೆ ಇದು ಇಂಥ ಭಾಷೆ, ಇಂಥ ಅಕ್ಷರಪದ್ಧತಿ ಎಂದು ಊಹಿಸುತ್ತದಂತೆ. ಅದಕ್ಕೆ ರಷ್ಯದ್ದು ಗೊತ್ತು, ಟರ್ಕಿಯದು ಗೊತ್ತು, ನಮ್ಮದು ಗೊತ್ತಿಲ್ಲ. ಅದಕ್ಕೆ ಕನ್ನಡ ಕಲಿಸಬೇಕು!

“ಕಾಕಾ, ಎಲ್ಲಾ ನಮೂನಿ ಬರಹ ಬೇಕ್ರಿ,” ಅಂದರು. “ಪಾಠ, ಪತ್ರ, ಕೋರ್ಟಿನ ಅರ್ಜಿ, ಕಥಿ. ಯಾವ ಅಕ್ಷರದ ಬಾಜೂಕ ಯಾವುದು ಎಷ್ಟ ಸಲ ಬರತೈತಿ ಅಂತ ಎಣಸಬೇಕು. ನನ್ನ ಮಶೀನಿಗೆ ಡಬ್ಬಿ ಇಲ್ಲ, ಇವನ್ನ ಓದಾಕ ಬರೂದಿಲ್ಲ. ನೀವು ಹೇಳಿದ್ದ ಖರೆ.”

“ಮಾಡಿ ಇಟ್ಟೇನಿ ಅಂತ ತಿಳೀರಿ ಮೇಡಂ,” ಅಂದೆ.

ಅವರು ಹಾಗೇ ತಿಳಿದರು.

ಅದು ವೈಶಾಖ. ನಮ್ಮ ಕಡೆಯ ಲಗ್ನಪತ್ರಿಕೆಯಲ್ಲಿ ಮದುವೆಯ ಸುದ್ದಿ ನಾಲ್ಕು ಸಾಲು, ಉಳಿದದ್ದೆಲ್ಲ ಬಂಧುಗಳ ಹೆಸರು. ಮಮದಾಪುರದ ಹಿರಿಯರೊಬ್ಬರು ನನ್ನ ಬೆನ್ನ ಹಿಂದೆ ನಿಂತು, “ಏ ಯಪ್ಪಾ, ಸಣ್ಣ ಕಾಕಾನ ಹೆಸರ ಎಲ್ಲೈತಿ? ಅಂವ ಹಂದರಕ್ಕ ಬೆಂಕಿ ಇಡತಾನ!” ಎಂದು ಕೂಗುತ್ತಿದ್ದರು. ಸಣ್ಣ ಕಾಕಾನನ್ನು ಸೇರಿಸಿದರೆ ದೊಡ್ಡ ಮಾವ ಕೆಳಗಿನ ಸಾಲಿಗೆ ಬೀಳುತ್ತಿದ್ದ. ಅದು ಬೇರೆಯೇ ಯುದ್ಧ.

ಇದರ ನಡುವೆ ಕಥೆ, ಅರ್ಜಿ ಯಾರು ಟೈಪ್ ಮಾಡಬೇಕು? ಮಶೀನಿನಲ್ಲಿದ್ದ ಲಗ್ನಪತ್ರಿಕೆಗಳನ್ನೇ ಫ್ಲಾಪಿಗಳಿಗೆ ತುಂಬಿದೆ. ಒಂದರ ಚೀಟಿಯ ಮೇಲೆ ‘ಪಾಠ’ ಎಂದು ಬರೆದೆ, ಇನ್ನೊಂದರ ಮೇಲೆ ‘ಅರ್ಜಿ’. ಬಂಧುಗಳು ಬಹಳ ಇದ್ದದ್ದಕ್ಕೆ ‘ಕಾದಂಬರಿ’ ಎಂದು ಬರೆದೆ.

ಮೇಡಂ ತಿಂಗಳುಗಟ್ಟಲೆ ಕೂತು ಎಣಿಸಿದರು. ಹುಕ್ಕೇರಿಯ ಶಿಕ್ಷಕರ ಸಭೆಯಲ್ಲಿ ಮೊದಲು ತೋರಿಸುವುದು, ಸರಿಹೋದರೆ ಆ ಪ್ರೋಗ್ರಾಮಿನವರಿಗೆ ಕಳಿಸುವುದು ಎಂದು ಅವರ ವಿಚಾರ. ಸಭೆಯಲ್ಲಿ, ಕನ್ನಡದ ಕೆಲಸಕ್ಕೆ ನೆರವಾದೆನೆಂದು, ಮರುವರ್ಷದ ಬೇಸಿಗೆಯ ಸೆಕೆಯಲ್ಲಿ ನನಗೊಂದು ಶಾಲು ಹೊದಿಸಿದರು.

ಹೆಡ್ ಮಾಸ್ತರರೊಬ್ಬರು ತಮ್ಮ ಶಾಲೆಯ ವರದಿಯ ಫ್ಲಾಪಿ ಕೊಟ್ಟರು. ಪ್ರೋಗ್ರಾಂ ಯೋಚಿಸಿ, ಕೊಂಬು-ಬಾಲದ ಅಕ್ಷರ ಕಂಡು, ಇದು ಟರ್ಕಿ ಭಾಷೆ ಅಂದಿತು.

“ಮಾಸ್ತರ, ಟರ್ಕಿಗೆ ಯಾವಾಗ ಹೋಗಿ ಬಂದ್ರಿ?” ಯಾರೋ ಕೇಳಿದರು.

ಇನ್ನೊಬ್ಬರು ಮಗಳ ಲಗ್ನಪತ್ರಿಕೆ ಕೊಟ್ಟರು. ಕನ್ನಡ! ಚಪ್ಪಾಳೆ ಬಿತ್ತು. ಮೇಡಂ ಮುಖ ಅರಳಿತು. ಮೂರನೆಯದು ಬೆಲ್ಲ ಮಾಡುವ ಬಗೆಗಿನ ಪಾಠ. ಮತ್ತೆ ಟರ್ಕಿ.

“ಲಗ್ನ ಆದವರಷ್ಟ ಕನ್ನಡದವರು ಅಂತೈತಿ ನೋಡ್ರಿ ಇದು!” ಹಿಂದಿನಿಂದ ಯಾರೋ ಕೂಗಿದರು.

ಇಡೀ ಸಭೆ ನಕ್ಕಿತು. ನಾನೂ ನಕ್ಕೆ. ಇವತ್ತಿಗೂ ಚುಚ್ಚುವುದು ಅದೇ. ಕನ್ನಡವೆಂದರೆ ಎರಡು ಮಾತಿಗೊಂದು ‘ಶ್ರೀ’ ಎಂದು ಆ ಪ್ರೋಗ್ರಾಮಿಗೆ ಕಲಿಸಿದವನು ನಾನೆಂದು ನನಗೆ ಆಗಲೇ ಗೊತ್ತಾಗಿತ್ತು.

ಮರಳುವ ಬಸ್ಸು ಧುಪದಾಳಕ್ಕೆ ಬಂದಾಗ ಮೇಡಂ ಎಣಿಕೆಯ ಹಾಳೆಗಳನ್ನು ಚೀಲಕ್ಕೆ ತುರುಕಿದರು. ಆಮೇಲೆ, “ನನ್ನ ಲೆಕ್ಕದಾಗ ತಪ್ಪೈತಿ ಕಾಕಾ. ಈ ಕೆಲಸ ನನ್ನ ಕೈಲೆ ಆಗೂದಲ್ಲ,” ಅಂದರು.

ನಾನು ಶಾಲು ಸರಿಪಡಿಸಿಕೊಂಡು, “ಆಗತೈತಿ ಬಿಡ್ರಿ,” ಅಂದೆ. ಅವರು ಅದನ್ನು ಕಳಿಸಲೇ ಇಲ್ಲ. ಅಂಥ ಕೆಲಸಕ್ಕೆ ಮತ್ತೆ ಕೈ ಹಚ್ಚಲೂ ಇಲ್ಲ.

ಮೇಡಂ ಮಗಳ ಪತ್ರಿಕೆ ಕೊಟ್ಟಾಗಲೂ ನಾನು ಬಾಯಿ ಬಿಡಲಿಲ್ಲ. ಎರಡು ದಿನ ಬಿಟ್ಟು ಬಸ್ ಹತ್ತಿ ಮೂಡಲಗಿಗೆ ಹೋದೆ. ಮದುವೆಮನೆಯ ಗದ್ದಲದಲ್ಲಿ, ಅಕ್ಕಿಯ ಚೀಲಗಳ ಪಕ್ಕ ನಿಂತು ಎಲ್ಲ ಹೇಳಿದೆ. ಬೈದರೆ ಬೈಸಿಕೊಳ್ಳಲು ತಯಾರಾಗಿದ್ದೆ.

“ಹಂಗಾದ್ರ ನನ್ನ ಲೆಕ್ಕ ಬರೋಬ್ಬರಿ ಇತ್ತು,” ಅಂದರು ಮೇಡಂ. ಮತ್ತೊಮ್ಮೆ ಅದನ್ನೇ ಅಂದರು. ಬೈಗುಳಕ್ಕಿಂತ ಅದನ್ನು ಕೇಳುವುದೇ ಕಷ್ಟವಾಯಿತು. ಆಮೇಲೆ ಕಣ್ಣೊರೆಸಿಕೊಂಡು, “ಹಳೀ ಅಕ್ಷರದ ಫೈಲು ಮಂದಿ ಕಡೆ ಇನ್ನೂ ರಾಶಿ ಅದಾವು, ಅವನ್ನ ಗುರುತಿಸೂ ಪ್ರೋಗ್ರಾಂ ಇಲ್ಲ. ಲಗ್ನ ಮುಗದ ಮ್ಯಾಲೆ ಬರ್ರಿ, ಮತ್ತ ಎಣಸೂಣು. ಈ ಸಲ ನನ್ನ ಮುಂದ ಕುಂತು ಟೈಪ್ ಮಾಡ್ರಿ,” ಅಂದರು.

ಹಳೆಯ ಮಶೀನನ್ನು ಡಬ್ಬಿ ಸಮೇತ ಆಟೋದಲ್ಲಿ ಒಯ್ದಿದ್ದೇನೆ. ವಾರಕ್ಕೆರಡು ದಿನ ಅವರ ಪಡಸಾಲೆಯಲ್ಲಿ ಕೂತು ಪಾಠ, ಪತ್ರ, ಅರ್ಜಿ ಟೈಪ್ ಮಾಡುತ್ತೇನೆ. ಮೇಡಂ ಕನ್ನಡಕ ಹಾಕಿಕೊಂಡು ಪ್ರತಿ ಸಾಲನ್ನೂ ಓದಿ ನೋಡುತ್ತಾರೆ. ನನ್ನನ್ನು ಒಂದಿಷ್ಟೂ ನಂಬುವುದಿಲ್ಲ. ಎಷ್ಟು ಹಗುರ ಎನಿಸುತ್ತದೆ ಅಂತೀರಿ!