ಕೊನೆಯ ತೂಬಿನ ಚಹಾ

ಖಂಡೆಪ್ಪ ಹೇಳಿದ ಸುಳ್ಳುಗಳನ್ನು ಎಣಿಸಲು ಕುಳಿತರೆ ಒಂದು ದಿನ ಸಾಲದು. ಆದರೆ ಎಲ್ಲ ಸೇರಿ ಸುಳ್ಳು ಒಂದೇ. ಚಹಾಕ್ಕೆ ಬನ್ನಿ ಎಂದು ಯಾರೇ ಕರೆಯಲಿ, ಅವರ ಮಾತು ಮುಗಿಯುವ ಮೊದಲೇ "ಈಗ ಆಗೇತ್ರಿ" ಎಂದುಬಿಡುತ್ತಿದ್ದ. ಎಲ್ಲಿ ಆಗಿರುತ್ತಿತ್ತು? ಮುಂಜಾನೆ ತನ್ನ ಸ್ಟೋವಿನ ಮೇಲೆ ತಾನೇ ಕಾಸಿಕೊಂಡು ಕುಡಿದದ್ದು ಬಿಟ್ಟರೆ ದಿನವಿಡೀ ಅವನ ಬಾಯಿಗೆ ಚಹಾ ಸೋಕುತ್ತಿರಲಿಲ್ಲ.

ಅವನು ನೀರಗಂಟಿ. ಸಿಂದಗಿಯಿಂದ ಇಂಡಿ ಪಟ್ಟಣದ ಕಡೆಗೆ ಹೋಗುವ ಕಾಲುವೆಯ ಒಂದು ಕವಲನ್ನು ಮೂವತ್ತೊಂದು ವರ್ಷ ಕಾದವನು. ಹದಿನೆಂಟು ತೂಬು, ಅವುಗಳ ಕೆಳಗೆ ನೂರಾರು ಹೊಲ. ಯಾವ ಹೊಲಕ್ಕೆ ಯಾವ ದಿನ ನೀರಿನ ಪಾಳಿ ಎಂಬುದು ಅವನ ಬಾಯಲ್ಲಿ, ಗೇಟಿನ ಕೀಲಿಕೈ ಅವನ ಉಡುದಾರದಲ್ಲಿ. ಹೊರ್ತಿಯಲ್ಲಿ ಕುರಿ ಕಾಯುತ್ತಿದ್ದ ಹುಡುಗ ಬೆಳೆದು ನೀರು ಕಾಯುವವನಾದ. ಕುರಿಗಿಂತ ನೀರನ್ನು ಕಾಯುವುದೇ ಕಷ್ಟ ಎಂದು ಅವನಿಗೆ ಮೊದಲ ವರ್ಷವೇ ಗೊತ್ತಾಯಿತು.

ಆ ವರ್ಷ ಮೊದಲ ತೂಬಿನ ದೊಡ್ಡ ಹಿಡುವಳಿದಾರ ಪರಪ್ಪ ಒಂದು ದಿನ ಕರೆದು ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟಿದ್ದರು. ಕರೆದರು, ಕುಡಿದ, ಅಷ್ಟೇ. ಕಾಲುವೆಯ ಕೊನೆಯಂಚಿನ ರೈತನೊಬ್ಬ ಆ ಹಾದಿಯಲ್ಲಿ ಹೋಗುವಾಗ ಅದನ್ನು ನೋಡಿದ. ಮುಂದಿನ ವಾರ ಮುಳ್ಳುಕಂಟಿ ಸಿಕ್ಕಿಕೊಂಡು ಕೊನೆಯಂಚಿಗೆ ನೀರು ಮುಟ್ಟಲಿಲ್ಲ. ಮುಳ್ಳುಕಂಟಿಯ ಸುದ್ದಿ ಯಾರಿಗೆ ಬೇಕು? "ಒಂದು ಕಪ್ ಚಹಾಕ್ಕ ನೀರು ಮಾರ್ಯಾನ ಮಗಾ" ಎಂಬ ಮಾತು ಹದಿನೆಂಟು ತೂಬನ್ನೂ ನೀರಿಗಿಂತ ಮೊದಲು ಮುಟ್ಟಿತು. ಅವತ್ತೇ ಖಂಡೆಪ್ಪ ತೀರ್ಮಾನಿಸಿದ: ಈ ಕಾಲುವೆಯ ನೀರು ಉಣ್ಣುವ ಯಾರ ಮನೆಯಲ್ಲೂ ಒಂದು ಗುಟುಕು ಚಹಾ ಕುಡಿಯುವುದಿಲ್ಲ.

ಆಣೆ ಇಡುವುದು ಸುಲಭ. ಅದು ಬೆಳೆದು ಮನುಷ್ಯನನ್ನೇ ನುಂಗುವುದನ್ನು ಯಾರೂ ಮೊದಲು ಕಾಣುವುದಿಲ್ಲ. ಖಂಡೆಪ್ಪನಿಗೆ ಹೆಣ್ಣು ನೋಡಲು ಹಿರಿಯರು ಒಂದು ಹಳ್ಳಿಗೆ ಕರೆದೊಯ್ದರು. ಹುಡುಗಿ ತಲೆಯ ಮೇಲೆ ಸೆರಗು ಹೊದ್ದು, ಅವಲಕ್ಕಿ ಕೊಟ್ಟು, ಚಹಾದ ಕಪ್ಪು ಹಿಡಿದು ಮುಂದೆ ನಿಂತಳು. ಆ ಮನೆಯ ಹೊಲ ಏಳನೆಯ ತೂಬಿನ ಕೆಳಗಿತ್ತು. "ಈಗ ಆಗೇತ್ರಿ" ಎಂದ. ಹೆಣ್ಣು ತಂದ ಚಹಾ ಬೇಡವೆಂದರೆ ಹೆಣ್ಣೇ ಬೇಡವೆಂದಂತೆ. ಅದು ಯಾರಿಗೂ ಬಿಡಿಸಿ ಹೇಳಬೇಕಾದ ಮಾತಲ್ಲ. ಹುಡುಗಿ ಕಪ್ಪು ಹಿಡಿದುಕೊಂಡೇ ಒಳಗೆ ಹೋದಳು. ಹಿರಿಯರು ದಾರಿಯುದ್ದಕ್ಕೂ ಬೈದರು. ಆಮೇಲೆ ಯಾರೂ ಅವನಿಗೆ ಹೆಣ್ಣು ನೋಡುವ ಗೋಜಿಗೆ ಹೋಗಲಿಲ್ಲ, ಅವನೂ ಕೇಳಲಿಲ್ಲ. ಕಾಲುವೆಯ ದಂಡೆಯ ಮೇಲಿನ ಒಂದು ಖೋಲಿಯ ವಸತಿಯಲ್ಲಿ ಒಂದೇ ತಟ್ಟೆ, ಒಂದೇ ಲೋಟ ಇಟ್ಟುಕೊಂಡು ಇದ್ದುಬಿಟ್ಟ.

ಹದಿನೆಂಟನೆಯ ತೂಬು ರೇವವ್ವನದು. ಗಂಡ ತೀರಿದ ಮೇಲೆ ನಾಲ್ಕು ಎಕರೆಯನ್ನು ಒಬ್ಬಳೇ ಮಾಡಿಸುತ್ತಿದ್ದ ಗಟ್ಟಿ ಹೆಂಗಸು. ನೀರು ಬಂತೋ ಇಲ್ಲವೋ ನೋಡಲು ಖಂಡೆಪ್ಪ ವಾರಕ್ಕೊಮ್ಮೆ ಸೈಕಲ್ ತುಳಿದುಕೊಂಡು ಕೊನೆಯವರೆಗೆ ಹೋಗುತ್ತಿದ್ದ. ಬಿಸಿಲಲ್ಲಿ ಬೆವತು ನಿಂತವನಿಗೆ ರೇವವ್ವ ಬೇವಿನ ಗಿಡದ ಕೆಳಗೆ ಚಹಾ ಬಸಿದು ಹಿಡಿಯುತ್ತಿದ್ದಳು. ಅವನು ತನ್ನ ಸುಳ್ಳನ್ನು ಹೇಳುತ್ತಿದ್ದ. ಸುತ್ತ ಎರಡು ಮೈಲಿ ಇನ್ನೊಂದು ಮನೆಯೂ ಇಲ್ಲದ ಜಾಗದಲ್ಲಿ ಇವನಿಗೆ ಚಹಾ ಎಲ್ಲಿ ಆಗಿರಬೇಕು? ರೇವವ್ವ ಒಂದು ದಿನವೂ ಅದನ್ನು ಕೇಳಲಿಲ್ಲ. "ಹಂಗಾರ ಆಗ್ಲಿ ಬಿಡ್ರಿ" ಎಂದು ಆ ಚಹಾವನ್ನು ಬೇವಿನ ಬುಡಕ್ಕೆ ಸುರಿಯುತ್ತಿದ್ದಳು. ಒಬ್ಬರ ಹೆಸರಿನಲ್ಲಿ ಬಸಿದದ್ದನ್ನು ಇನ್ನೊಬ್ಬರು ಕುಡಿಯಬಾರದು ಎಂಬುದು ಅವಳ ನೇಮ. ಮುಂದಿನ ವಾರ ಮತ್ತೆ ಬಸಿಯುತ್ತಿದ್ದಳು. ಹೀಗೆ ಇಪ್ಪತ್ತೆರಡು ವರ್ಷ.

ಹೋದ ವರ್ಷ ಖಂಡೆಪ್ಪ ನಿವೃತ್ತನಾದ. ಕೀಲಿಕೈ ಒಪ್ಪಿಸಿ ಬಂದ ದಿನ ಅವನಿಗೆ ಅನ್ನಿಸಿದ್ದು ಒಂದೇ: ಇನ್ನು ಚಹಾ ಕುಡಿಯಬಹುದು. ಮರುದಿನವೇ ಬಿಳಿ ಅಂಗಿ ತೊಟ್ಟು ಊರೊಳಗೆ ಹೊರಟ. ಪರಪ್ಪನವರ ಕಟ್ಟೆಯ ಮುಂದೆ ನಿಧಾನಕ್ಕೆ ನಡೆದ. ಕಟ್ಟೆಯ ಮೇಲಿದ್ದವರು "ಏನು ಖಂಡೆಪ್ಪ, ಆರಾಮೇನು?" ಎಂದು ಕೇಳಿ ಹೊಸ ನೀರಗಂಟಿಯ ಕಡೆ ತಿರುಗಿದರು. ಅವನ ಕೈಯಲ್ಲಿ ಬಿಸಿ ಕಪ್ಪಿತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಒಂದು ತಿಂಗಳು ಹದಿನೇಳು ತೂಬಿನ ಊರು ಕೇರಿ ಸುತ್ತಿದರೂ ಒಬ್ಬರೂ ಕರೆಯಲಿಲ್ಲ. ಹದಿನೆಂಟನೆಯದಕ್ಕೆ ಹೋಗಲು ಮಾತ್ರ ಅವನಿಗೆ ಧೈರ್ಯ ಬರಲಿಲ್ಲ. ಅವಳೂ ಕರೆಯದಿದ್ದರೆ ಏನು ಮಾಡುವುದು ಎಂಬ ಭಯ.

ಹೀಗೆ ವರ್ಷ ತುಂಬುವಷ್ಟರಲ್ಲಿ ಇಂಡಿ ಪಟ್ಟಣದ ಗುರಣ್ಣ ಮಾಸ್ತರರ ಪ್ರವಾಸ ಬಂತು. ನಿವೃತ್ತ ಡ್ರಿಲ್ ಮಾಸ್ತರರಾದ ಅವರು ವರ್ಷಕ್ಕೊಮ್ಮೆ ಬಸ್ಸು ಮಾಡಿ, ಅಡಿಗೆಯವರನ್ನೂ ರೊಟ್ಟಿ ಬುಟ್ಟಿಗಳನ್ನೂ ಹೇರಿಕೊಂಡು ಜನರನ್ನು ತಿರುಗಾಡಿಸುತ್ತಾರೆ. ಈ ಸಲ ಕೇರಳ. ಅಲ್ಲಿ ಒಂದು ಇಡೀ ದಿನ ಕಾಲುವೆಯಲ್ಲಿ ಬೋಟಿನ ಪಯಣ.

"ಅಲ್ಲಿ ಕೆನಾಲಿಗೆ ಗೇಟ ಇಲ್ಲೋ ಖಂಡೆಪ್ಪಾ. ಮನಿ ಮುಂದನ ನೀರು. ಬರ್ತಿಯೇನು?" ಎಂದರು ಮಾಸ್ತರರು.

"ಗೇಟ ಇಲ್ಲದ ಕೆನಾಲ ಹೆಂಗ ಇರತೈತ್ರಿ?" ಎಂದು ಖಂಡೆಪ್ಪ ನಕ್ಕ. ಆಮೇಲೆ ಹೋಗುವವರ ಪಟ್ಟಿಯಲ್ಲಿ ರೇವವ್ವನ ಹೆಸರು ಕೇಳಿದ. ತನ್ನದನ್ನೂ ಬರೆಸಿದ. ಬೋಟು ನೋಡುವುದೆಲ್ಲ ನೆಪ. ಪರದೇಶದಲ್ಲಾದರೂ ಅವಳು ಒಮ್ಮೆ ಚಹಾ ಹಿಡಿದಾಳು, ಈ ಸಲ ಕುಡಿದೇನು ಎಂಬುದೊಂದೇ ಅವನ ಆಸೆ.

ಬೋಟು ಹತ್ತಿದವರು ಇಪ್ಪತ್ತೆರಡು ಜನ. ಹೆಚ್ಚಿನವರು ಗಂಡಹೆಂಡಿರು, ಇಲ್ಲವೇ ಅಕ್ಕತಂಗಿಯರು. ಖಂಡೆಪ್ಪ ಹಿಂಬದಿಯ ಮೂಲೆಯಲ್ಲಿ ಬೆತ್ತದ ಕುರ್ಚಿಯೊಂದನ್ನು ಹಿಡಿದು ಕುಳಿತ. ಮುಂದೆ ರೇವವ್ವ, ಅವಳ ಕಾಲ ಬಳಿ ಸ್ಟೀಲಿನ ಫ್ಲಾಸ್ಕು. ಎರಡೂ ದಂಡೆಯಲ್ಲಿ ತೆಂಗು, ಅಂಗಳದಿಂದಲೇ ನೀರಿಗಿಳಿಯುವ ಮೆಟ್ಟಿಲು, ಪಾತ್ರೆ ತೊಳೆಯುವ ಹೆಂಗಸರು. ಒಂದೂ ಗೇಟಿಲ್ಲ, ತೂಬಿಲ್ಲ, ನೀರಿಗಾಗಿ ಜಗಳವಿಲ್ಲ. ಇಲ್ಲಿ ಹುಟ್ಟಿದ್ದರೆ ತಾನು ಎಷ್ಟು ಮನೆಗಳಲ್ಲಿ ಚಹಾ ಕುಡಿದಿರುತ್ತಿದ್ದೆನೋ ಎನ್ನಿಸಿತು ಅವನಿಗೆ.

ಮೊದಲು ಒಂದು ಗುಡಿಯ ಕಟ್ಟೆಗೆ ಬೋಟು ನಿಂತಿತು. ಬೇಕಾದವರು ಇಳಿಯಬಹುದು, ಬೇಡವಾದವರು ಬೋಟಿನಲ್ಲೇ ಇರಬಹುದು ಎಂದರು ಮಾಸ್ತರರು. ಎಲ್ಲರೂ ಇಳಿದರು. ರೇವವ್ವ ಹಲಗೆಯ ಮೇಲೆ ಕಾಲಿಟ್ಟವಳು ತಿರುಗಿ ನೋಡಿದಳು.

"ನೀರಗಂಟ್ಯಾರ, ಇಳಿಯೂದಿಲ್ಲೇನ್ರಿ?"

"ನೀವು ಹೋಗಿ ಬರ್ರಿ. ನಾ ಇಲ್ಲೇ ಇರ್ತೇನಿ."

ಯಾಕೆ ಹಾಗೆಂದನೋ ಅವನಿಗೇ ತಿಳಿಯಲಿಲ್ಲ. ಮೂವತ್ತೊಂದು ವರ್ಷ ದಂಡೆಯ ಮೇಲೆ ನಿಂತೇ ಜನರ ಜೊತೆ ಮಾತಾಡಿದವನು. ಜೋಡಿ ಜೋಡಿಯಾಗಿ ನಡೆಯುವವರ ಹಿಂದೆ ಹೇಗೆ ನಡೆಯಬೇಕು, ಕೈಯನ್ನು ಎಲ್ಲಿಡಬೇಕು ಎಂಬುದೂ ಅವನಿಗೆ ಬರುತ್ತಿರಲಿಲ್ಲ. ಸುಮ್ಮನೆ ಕೂರಲಾರದೆ ಒಂದು ಶೇಂಗಾ ಸಿಪ್ಪೆಯನ್ನು ನೀರಿಗೆ ಬಿಟ್ಟು ಬೆರಳು ಮಡಿಚುತ್ತ ಎಣಿಸಿದ. ನೀರಿನ ಓಟ ಅಳೆಯುವ ಹಳೆಯ ರೂಢಿ. ಸಿಪ್ಪೆ ಬೋಟಿನ ಮೂತಿಯ ಕಡೆಗೆ ಮೆಲ್ಲಗೆ ತೇಲಿ ಹೋಯಿತು.

ಗುಡಿಯಿಂದ ಬಂದವರನ್ನು ಗುರಣ್ಣ ಮಾಸ್ತರರು ಹಲಗೆಯ ಬಳಿ ನಿಂತು ತಲೆ ತಟ್ಟಿ ತಟ್ಟಿ ಎಣಿಸಿದರು. "ಇಪ್ಪತ್ತು... ನಾ ಒಬ್ಬ, ಇಪ್ಪತ್ತೊಂದು. ಖಂಡೆಪ್ಪ ಒಳಗ ಅದಾನ. ಬರೋಬ್ಬರಿ! ನಡೀರಿ."

ಎರಡನೆಯದು ತೆಂಗಿನ ನಾರಿನಲ್ಲಿ ಹಗ್ಗ ಹೊಸೆಯುವ ಮನೆ. ಆಗಲೂ ರೇವವ್ವ ಕೇಳಿದಳು, ಆಗಲೂ ಅವನು ಅದನ್ನೇ ಹೇಳಿದ. ಹೇಳಿ, ಅವಳ ಬೆನ್ನು ತೆಂಗಿನ ಸಾಲಿನಲ್ಲಿ ಮರೆಯಾಗುವವರೆಗೂ ನೋಡಿದ. ತನ್ನ ಮೇಲೆಯೇ ಅವನಿಗೆ ಸಿಟ್ಟು ಬಂತು. ಉಣ್ಣಲು ಕುಳಿತಾಗ ಬಾಯಿ ಬಿಟ್ಟವನೇ ಬದುಕುವುದು, ನೀನು ಹಲ್ಲು ಕಚ್ಚಿಕೊಂಡೇ ಸಾಯಿ, ಎಂದು ತನ್ನನ್ನು ತಾನೇ ಬೈದುಕೊಂಡ. ಸಿಪ್ಪೆ ಬಿಟ್ಟ. ಈ ಸಲ ಅದು ಹೋಗಲೋ ಬೇಡವೋ ಎನ್ನುವಂತೆ ಹೋಯಿತು. ಮಾಸ್ತರರು ಮತ್ತೆ ಇಪ್ಪತ್ತೊಂದು ಎಣಿಸಿ, "ಬರೋಬ್ಬರಿ" ಎಂದರು.

ಮೂರನೆಯದೇ ಕೊನೆಯದು: ದಂಡೆಯ ಮೇಲೊಂದು ಗರಿಯ ಚಪ್ಪರ, ಬೆಂಚುಗಳು, ಎಳನೀರು. ಊರಿಂದ ತಂದ ಚುರುಮುರಿ ತಿಂದು ಚಹಾ ಕುಡಿದು ಬರೋಣ ಎಂದು ಎಲ್ಲರೂ ಇಳಿದರು. ರೇವವ್ವ ಫ್ಲಾಸ್ಕನ್ನು ಕಂಕುಳಿಗೆ ಇಟ್ಟುಕೊಂಡು ಇಳಿದಳು. ಈ ಸಲ ಅವಳು ತಿರುಗಿ ನೋಡಲಿಲ್ಲ, ಕೇಳಲೂ ಇಲ್ಲ. ಎರಡು ಸಲ ಕರೆದವಳು ಮೂರನೆಯ ಸಲವೂ ಕರೆದೇ ಕರೆಯುತ್ತಾಳೆ ಎಂದು ಖಂಡೆಪ್ಪ ಎದ್ದು ನಿಂತು, ಚಪ್ಪಲಿ ಹುಡುಕುತ್ತಿದ್ದ.

ಮತ್ತೆ ಕುಳಿತ. ಸಿಪ್ಪೆ ಬಿಟ್ಟ. ಸಿಪ್ಪೆ ನಿಂತಲ್ಲೇ ನಿಂತಿತು. ಇನ್ನೊಂದು ಬಿಟ್ಟ. ಎರಡೂ ಅಲುಗಾಡಿ, ಮೆಲ್ಲಗೆ, ಬಂದ ದಿಕ್ಕಿಗೆ ತಿರುಗಿ ಹೊರಟವು.

ಖಂಡೆಪ್ಪ ತಟ್ಟನೆ ಎದ್ದ. ಕಾಲುವೆಯ ನೀರು ಹಿಂದಕ್ಕೆ ಹೋಗುವುದನ್ನು ಅವನು ಜೀವಮಾನದಲ್ಲಿ ಒಮ್ಮೆ ಮಾತ್ರ ನೋಡಿದ್ದ. ಅವತ್ತು ಮೇಲುಗಡೆ ಒಡ್ಡು ಒಡೆದು ಇಡೀ ಕಾಲುವೆ ಒಂದು ಹಳ್ಳಿಯ ಹೊಲಗಳೊಳಗೆ ನುಗ್ಗಿತ್ತು. ಚಪ್ಪಲಿ ಮರೆತ, ಹಲಗೆ ಮರೆತ. ಬೋಟಿನಿಂದ ದಂಡೆಯ ಕೆಸರಿಗೆ ಹಾರಿದ.

"ಏಳ್ರಿ, ಏಳ್ರಿ! ಮ್ಯಾಲ ಒಡ್ಡು ಒಡದೈತಿ! ನೀರು ಹಿಂದಕ್ಕ ಹೊಂಟೈತಿ! ಎತ್ತರಕ್ಕ ಹೋಗ್ರಿ!"

ಚುರುಮುರಿ ಚೆಲ್ಲಿತು. ಒಬ್ಬಾಕೆ ಅಳತೊಡಗಿದಳು. ಎಲ್ಲರೂ ಬೆಂಚು ಹತ್ತಿ ನಿಂತರು. ಬೋಟಿನವನು ಓಡಿ ಬಂದು ಸಂಗತಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ತನ್ನ ಹರಕು ಹಿಂದಿಯಲ್ಲಿ ಅವನು ಹೇಳಿದ್ದನ್ನು ಮಾಸ್ತರರು ಕನ್ನಡಕ್ಕೆ ತಿರುಗಿಸಿದರು: ಇಲ್ಲಿ ಸಮುದ್ರ ಹತ್ತಿರ. ಭರತ ಬಂದಾಗ ನೀರು ಒಳಕ್ಕೆ, ಇಳಿತದಲ್ಲಿ ಹೊರಕ್ಕೆ. ದಿನವೂ ಹೀಗೆಯೇ.

"ರಿಟಾಯರ್ ಆದ್ರೂ ನೀರು ನಿನ್ನ ಬಿಡವಲ್ದಲ್ಲೋ ಖಂಡೆಪ್ಪಾ!" ಎಂದು ಮಾಸ್ತರರು ಬೆನ್ನು ತಟ್ಟಿದರು. ನಗು ಚಪ್ಪರದ ಈ ತುದಿಯಿಂದ ಆ ತುದಿಗೆ ಹೋಯಿತು. ಬರಿಗಾಲಲ್ಲಿ, ತೊಡೆಯವರೆಗೆ ಕೆಸರಾಗಿ ನಿಂತ ಖಂಡೆಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ನಕ್ಕು ದಣಿದು ಅವರವರು ಅವರವರ ಎಳನೀರಿನ ಕಡೆ ತಿರುಗಿದರು.

ರೇವವ್ವ ನಗಲಿಲ್ಲ. ಒಂದು ತೆಂಗಿನ ಮರದ ಕೆಳಗೆ ನಿಂತು ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಬಸಿದು ಅವನ ಮುಂದೆ ಹಿಡಿದಳು.

"ಓಡಿ ಬಂದೀರಿ. ಒಂದು ಗುಟಕ ತಗೋರಿ."

ಒಂದು ವರ್ಷ ಕಾದ ಗಳಿಗೆ. ಅಲ್ಲ, ಇಪ್ಪತ್ತಮೂರು ವರ್ಷ. ಶುಂಠಿಯ ವಾಸನೆ ಮೂಗಿಗೆ ಬಡಿಯಿತು. ಕೈ ಚಾಚಬೇಕು ಎಂದುಕೊಂಡ. ಅಷ್ಟರಲ್ಲಿ ಅವನ ಬಾಯಿ, ಮೂವತ್ತೊಂದು ವರ್ಷ ಪಳಗಿದ ಬಾಯಿ, ಅವನನ್ನು ಕೇಳದೆಯೇ ಹೇಳಿಬಿಟ್ಟಿತು.

"ಈಗ ಆಗೇತ್ರಿ."

"ಹಂಗಾರ ಆಗ್ಲಿ ಬಿಡ್ರಿ." ರೇವವ್ವ ಎಂದಿನಂತೆ ಬಗ್ಗಿ ಚಹಾವನ್ನು ತೆಂಗಿನ ಬುಡಕ್ಕೆ ಸುರಿದಳು. ಸುರಿದು, ಮುಚ್ಚಳ ಹಾಕುತ್ತ, ಈವರೆಗೆ ಒಂದು ದಿನವೂ ಕೇಳದಿದ್ದುದನ್ನು ಕೇಳಿದಳು: "ಬೋಟಿನ್ಯಾಗ ನೀವು ಒಬ್ಬರ ಇದ್ರಿ. ಯಾರು ಕೊಟ್ರು ನಿಮಗ?"

ಖಂಡೆಪ್ಪನ ಕಣ್ಣು ತುಂಬಿದವು.

"ಯಾರೂ ಕೊಟ್ಟಿಲ್ರಿ. ಅವತ್ತೂ ಯಾರೂ ಕೊಟ್ಟಿದ್ದಿಲ್ರಿ. ಒಂದು ದಿನಾನೂ ಆಗಿದ್ದಿಲ್ರಿ ರೇವವ್ವಾರ."

"ಗೊತ್ತೈತ್ರಿ" ಎಂದಳು ರೇವವ್ವ. ಫ್ಲಾಸ್ಕು ಅಲ್ಲಾಡಿಸಿದಳು, ಒಳಗೇನೂ ಉಳಿದಿರಲಿಲ್ಲ. "ಇದರಾಗ ಮುಗೀತು. ಊರಿಗೆ ಹೋದ ಮ್ಯಾಲ ಮನಿಗೆ ಬರ್ರಿ. ನಿಮ್ಮ ಚಹಾ ಕುಡದು ಕುಡದು ಆ ಬೇವಿನ ಗಿಡ ಮನಿಗಿಂತ ಎತ್ತರಾಗೇತಿ, ಅದನ್ನರ ನೋಡಾಕ ಬರ್ರಿ."

"ಯಾವಾಗ ಬರ್ಲಿರಿ?"

"ಚಹಾಕ್ಕೂ ಪಾಳಿ ಹಚ್ಚಬೇಕೇನ್ರಿ?" ಎಂದು ರೇವವ್ವ ಬೋಟಿನ ಕಡೆ ನಡೆದಳು.

ಬೋಟಿನವನು ಸೀಟಿ ಊದಿದ. ಖಂಡೆಪ್ಪ ಮಾತ್ರ ಅಲ್ಲೇ ಕುಕ್ಕರುಗಾಲಲ್ಲಿ ಕುಳಿತಿದ್ದ. ತೆಂಗಿನ ಬುಡದಲ್ಲಿ ಚಹಾ ಇಂಗಿದ ಹಸಿ ಗುರುತಿತ್ತು. ಸಕ್ಕರೆಯ ವಾಸನೆಗೆ ಆಗಲೇ ಇರುವೆಗಳು ಬಂದಿದ್ದವು. ಇಪ್ಪತ್ತೆರಡು ವರ್ಷ, ವಾರಕ್ಕೊಂದು ಕಪ್ಪು. ಎಲ್ಲವೂ ಅವನ ಹೆಸರಿನಲ್ಲಿ ಬಸಿದದ್ದು. ಅವನು ಬೆರಳಿನಿಂದ ಆ ಹಸಿ ಮಣ್ಣನ್ನು ಮುಟ್ಟಿದ. ಇನ್ನೂ ಬೆಚ್ಚಗಿತ್ತು.

ಅತ್ತ ಹಲಗೆಯ ಬಳಿ ಗುರಣ್ಣ ಮಾಸ್ತರರು ಹಿಂದಿನೆರಡು ಸಲದ ರೂಢಿಯಲ್ಲೇ ತಲೆ ತಟ್ಟಿ ಎಣಿಸುತ್ತಿದ್ದರು. "ಇಪ್ಪತ್ತು... ನಾ ಒಬ್ಬ, ಇಪ್ಪತ್ತೊಂದು. ಖಂಡೆಪ್ಪ ಒಳಗ ಅದಾನ. ಬರೋಬ್ಬರಿ! ನಡೀರಿ."

ಹಲಗೆ ಎಳೆದರು, ಹಗ್ಗ ಬಿಚ್ಚಿದರು. ಬೋಟು ದಂಡೆ ಬಿಟ್ಟು ಒಂದು ಮಾರು ಸರಿಯಿತು. ಈಗಷ್ಟೇ ಅವನನ್ನು ನೋಡಿ ನಕ್ಕವರೆಲ್ಲ ಫೋಟೋ ತೆಗೆದುಕೊಳ್ಳುತ್ತಿದ್ದರು. ಖಂಡೆಪ್ಪ ಎದ್ದು ನಿಂತ. ಕೂಗಬೇಕು ಎನ್ನಿಸಿತು, ಆದರೆ ತನಗಾಗಿ ಕೂಗಿ ಅವನಿಗೆ ರೂಢಿಯಿರಲಿಲ್ಲ. ಬೋಟು ಇನ್ನೊಂದು ಮಾರು ಸರಿಯಿತು.

ಹಿಂಬದಿಯ ಮೂಲೆಯಲ್ಲಿ, ಖಾಲಿ ಬೆತ್ತದ ಕುರ್ಚಿಯ ಹತ್ತಿರ, ಅವನ ಚಪ್ಪಲಿಗಳನ್ನು ನೋಡುತ್ತ ನಿಂತಿದ್ದ ರೇವವ್ವ ತಲೆಯೆತ್ತಿದಳು.

"ಮಾಸ್ತರ, ತಡೀರಿ! ಇನ್ನೊಬ್ಬರು ಬರೋದೈತಿ."

ಬೋಟು ಹಿಂದಕ್ಕೆ ಬರುವವರೆಗೂ ಖಂಡೆಪ್ಪ ದಂಡೆಯ ಮೇಲೆ ನಿಂತೇ ಇದ್ದ.