ಸಾಮೆ ಹಿಟ್ಟಿನ ಕೇಕು

ಸಾಮೆ ಬೀಸುವಾಗ ಏಳುವ ಬೆಚ್ಚನೆಯ, ತುಸು ಒಣಹುಲ್ಲಿನಂಥ ವಾಸನೆ ಎಲ್ಲಿಂದಲೇ ಬರಲಿ, ನನಗೆ ಇವತ್ತಿಗೂ ಅಲ್ಲಿ ಕೂರಲಾಗುವುದಿಲ್ಲ. ಮೊನ್ನೆ ಸೊಸೆ ಗಿರಣಿಯಿಂದ ಹಿಟ್ಟು ತಂದು ಡಬ್ಬಿಗೆ ಸುರಿಯುತ್ತಿದ್ದಳು. ನಾನು ಎದ್ದು ಹೊರಗೆ ಹೋಗಿ ಕೂತೆ. ಕಣ್ಣು ಮುಚ್ಚಿದರೆ ಕೂನೂರಿನ ನಮ್ಮ ಮನೆ. ಪೇಟೆಯ ಇಳಿಜಾರಿನಲ್ಲಿ ಮುಂದೆ ಬೇಕರಿ, ಹಿಂದೆ ನಾವು. ಬೇಕರಿಯ ದೊಡ್ಡ ಒಲೆ ನಡುಗೋಡೆಗೆ ಅಂಟಿಕೊಂಡಿದ್ದರಿಂದ, ಮಂಜು ಹೊಸಿಲಿನವರೆಗೆ ಬಂದು ನಿಂತ ದಿನಗಳಲ್ಲೂ ಆ ಗೋಡೆಗೆ ಬೆನ್ನು ಕೊಟ್ಟರೆ ಮೈ ಬೆಚ್ಚಗಾಗುತ್ತಿತ್ತು. ನೀಲಗಿರಿ ಸೌದೆಯ ಹೊಗೆ, ಕರಗುವ ಬೆಣ್ಣೆ, ಸೀದ ಸಕ್ಕರೆ. ನಿಮಗೂ ಹಾಗೆ ಬೆನ್ನು ಕೊಟ್ಟ ಗೋಡೆಯೊಂದು ಇದ್ದೀತು. ಅದೂ ಈಗ ಇಲ್ಲದಿದ್ದೀತು.

ಅಪ್ಪಯ್ಯ ಗುಂಡ್ಲುಪೇಟೆಯ ಕಡೆಯಿಂದ ಘಟ್ಟ ಹತ್ತಿ ಬಂದವರು. ಬಿಳಿ ದೊರೆಗಳ ಬಂಗಲೆಯೊಂದರ ಅಡುಗೆಮನೆಯಲ್ಲಿ ಕೇಕು ಮಾಡುವುದನ್ನು ಕಲಿತು, ಆಮೇಲೆ ಸ್ವಂತ ಬೇಕರಿ ಇಟ್ಟರು. ನನ್ನನ್ನು ಹೆತ್ತ ಕೆಲವೇ ದಿನಕ್ಕೆ ಅವ್ವ ತೀರಿಕೊಂಡಳಂತೆ. ಅಪ್ಪಯ್ಯನ ಅಕ್ಕ, ಗಂಡನಿಲ್ಲದ ಪುಟ್ಟತ್ತೆ, ನನ್ನನ್ನು ಸಾಕಲೆಂದು ಬಂದವಳು ಹಿಟ್ಟು ಕಲಸಲೂ ನಿಂತಳು. ಅಪ್ಪಯ್ಯನದು ಮಾತು ಕಡಿಮೆ, ಅಂಜಿಕೆ ಹೆಚ್ಚು. ದೊರೆಗಳ ಕುದುರೆಯ ಸದ್ದು ಕೇಳಿದರೆ ಅಂಗಡಿಯೊಳಗಿದ್ದರೂ ಎದ್ದು ನಿಲ್ಲುತ್ತಿದ್ದರು. ಅತ್ತೆಯದು ಅದಕ್ಕೆ ತದ್ವಿರುದ್ಧ ಸ್ವಭಾವ.

ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಗುಡ್ಡ ಜರಿದು ಘಟ್ಟದ ದಾರಿಯೂ ರೈಲೂ ನಿಂತುಹೋದವು. ಘಟ್ಟದ ಬುಡದ ಮೇಟುಪಾಳಯದಿಂದ ಮೈದಾ ಬರುವ ಹಾಗಿರಲಿಲ್ಲ. ಇದ್ದ ಮೂಟೆಗೆ ನೀರು ಸೋರಿ ಹಿಟ್ಟು ಹಸಿರುಗಟ್ಟಿ ಮುಗ್ಗಲು ಹಿಡಿದಿತ್ತು. ಆಗಲೇ ಎಸ್ಟೇಟಿನ ದೊರೆಸಾನಿ ಮಗಳ ಹುಟ್ಟುಹಬ್ಬಕ್ಕೆ ಕೇಕು ಹೇಳಿ ಕಳಿಸಿದಳು. ಇಲ್ಲವೆನ್ನಲು ಅಪ್ಪಯ್ಯನಿಗೆ ಬಾಯಿ ಬರಲಿಲ್ಲ.

"ಗೋಧಿ ಐತೆ, ಬೀಸಿ ಮಲ್ಲುಬಟ್ಟೇಲಿ ಜರಡಿ ಹಿಡಿಯನ," ಎಂದಳು ಅತ್ತೆ. "ಅದಕ್ಕೆ ಸಾಮೆ ಹಿಟ್ಟು ಬೆರೆಸುದ್ರೆ ಹಗುರಾಯ್ತದೆ. ಯಾರ್ಗೂ ಗೊತ್ತಾಗಕಿಲ್ಲ ಬುಡು."

ಸಾಮೆಯನ್ನು ಹತ್ತಿರದ ಹುಬ್ಬತಲೈ ಹಳ್ಳಿಯ ಬಡಗರ ಹೆಂಗಸೊಬ್ಬಳು ನಮಗೆ ತಂದುಕೊಡುತ್ತಿದ್ದಳು. ಅತ್ತೆ ಇಡೀ ಬೆಳಗ್ಗೆ ಬೀಸಿದಳು. ಒಲೆಗೆ ಹಾಕಿದ ಮೊದಲನೆಯದು ಮುಟ್ಟಿದರೆ ಉದುರಿಹೋಯಿತು. ಎರಡನೆಯದಕ್ಕೆ ಮೊಟ್ಟೆ ಹೆಚ್ಚಿಗೆ ಒಡೆದು ಹಾಕಿ ಕಲಸಿದರು. ಅದು ಉಬ್ಬಿ, ಜೇನಿನ ಬಣ್ಣಕ್ಕೆ ತಿರುಗಿ ನಿಂತಿತು. ಮೇಲಿನ ಉಬ್ಬನ್ನು ಸಮ ಮಾಡಲು ಅಪ್ಪಯ್ಯ ಕೊಯ್ದ ತುಂಡನ್ನು ನನ್ನ ಅಂಗೈಗೆ ಹಾಕಿದರು. ನಾಲಿಗೆಗೆ ಚೂರು ತರಿ ತರಿ, ಆದರೆ ಅಷ್ಟು ರುಚಿಯಾದದ್ದನ್ನು ನಾನು ಅದುವರೆಗೆ ತಿಂದಿರಲಿಲ್ಲ.

ಕೇಕು ಅಂದೇ ಸಂಜೆ ಎಸ್ಟೇಟಿನ ಬಂಗಲೆಗೆ ಹೋಯಿತು. ಮರುದಿನ ಬೆಳಗ್ಗೆ ಅಲ್ಲಿಯ ಬಟ್ಲರ್ ಅಂತೋಣಿ ತೊಯ್ದ ಕಂಬಳಿಯಲ್ಲೇ ಬಂದು ಬಾಗಿಲಲ್ಲಿ ನಿಂತ. ಒಳಗೆ ಬಾ ಎಂದರೂ ಬರಲಿಲ್ಲ.

"ಪಾಪಾಗೆ ರಾತ್ರಿಯಿಂದ ಒಂದೇ ವಾಂತಿ. ಮೈ ಸುಡ್ತದೆ. ಕೇಕಲ್ಲಿ ಏನ್ ಹಾಕ್ದೆ ಅಂತ ದೊರೆ ಕೇಳ್ತಾರೆ. ಡಾಕ್ಟರಿಗೆ ಆಳು ಹೋಗಿದೆ. ನೀ ಊರು ಬಿಟ್ಟು ಎಲ್ಲೂ ಹೋಗಬೇಡ."

ಅವನು ಹೋದ ಮೇಲೆ ಅಪ್ಪಯ್ಯ ಹಿಟ್ಟಿನ ಹಲಗೆಯ ಮೇಲೆ ಕೂತರು. ಜೈಲು, ಪೊಲೀಸು ಎಂದು ಏನೇನೋ ಗೊಣಗುತ್ತಿದ್ದವರು ತಟ್ಟನೆ ನಿಲ್ಲಿಸಿ ನನ್ನತ್ತ ನೋಡಿದರು. ಆ ನೋಟವನ್ನು ಹೇಗೆ ಹೇಳಲಿ? ದೊರೆಯ ಭಯವೆಲ್ಲ ಅವರ ಮುಖದಿಂದ ಇಳಿದುಹೋಗಿ, ಅದಕ್ಕಿಂತ ದೊಡ್ಡದೊಂದು ಬಂದು ಕೂತಿತು.

"ಅಕ್ಕಾ, ಮಗೂನೂ ತಿಂದದಲ್ಲಾ," ಎಂದರು.

ಅಲ್ಲಿಯವರೆಗೆ ನನಗದು ಹೊಳೆದೇ ಇರಲಿಲ್ಲ. ಒಡನೆ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡೆ. ಅತ್ತೆ ನನ್ನನ್ನು ಬೆಚ್ಚನೆಯ ಗೋಡೆಯ ಪಕ್ಕ ಮಲಗಿಸಿ ಹೊಟ್ಟೆಯ ಮೇಲೆ ಕೈಯಿಟ್ಟಳು. "ನೋಯ್ತದಾ ಕಂದ?" ಎಂದು ಅವಳು ಕೇಳಿದಾಗಲೆಲ್ಲ ನೋಯುತ್ತದೋ ಇಲ್ಲವೋ ನನಗೇ ತಿಳಿಯುತ್ತಿರಲಿಲ್ಲ. ಅಪ್ಪಯ್ಯ ಅಂದು ಬೇಕರಿಯ ಒಲೆ ಹೊತ್ತಿಸಲಿಲ್ಲ. ಗೋಡೆ ಮೆಲ್ಲಗೆ ತಣ್ಣಗಾಗುತ್ತ ಹೋದದ್ದು ನನ್ನ ಬೆನ್ನಿಗೆ ತಿಳಿಯಿತು. ಸಾವೆಂದರೆ ಹೀಗೇ ಬರುತ್ತದೆಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಅತ್ತೆ ಎದ್ದು, ಉಳಿದ ಹಿಟ್ಟನ್ನೆಲ್ಲ ಗಂಜಿ ಕಾಯಿಸಿ, ನಮ್ಮೆದುರೇ ಕುಡಿದಳು. "ಹಿಟ್ಟಲ್ಲಿ ಕೆಟ್ಟದ್ದಿದ್ರೆ ಮೊದ್ಲು ನಂಗಾಗ್ಲಿ," ಎಂದಳು. ನನಗೆ ಇನ್ನಷ್ಟು ಭಯವಾಯಿತು. ಈಗ ಇಬ್ಬರೂ ಸಾಯುತ್ತೇವೆ, ಅಪ್ಪಯ್ಯ ಒಬ್ಬರೇ ಉಳಿಯುತ್ತಾರೆ.

ಯಾರೂ ಸಾಯಲಿಲ್ಲ. ಕೆಲವು ದಿನ ಹಾಗೇ ಉಸಿರು ಹಿಡಿದು ಕಳೆದೆವು. ಅಂಗಡಿಯತ್ತ ಯಾರೂ ಸುಳಿಯಲಿಲ್ಲ, ಮಾತು ಆಗಲೇ ಪೇಟೆಯೆಲ್ಲ ಹಬ್ಬಿತ್ತು. ಕೊನೆಗೊಮ್ಮೆ ಅಂತೋಣಿಯೇ ಬಂದ. ಮಗುವಿನ ಮೈತುಂಬ ಕೆಂಪು ಗುಳ್ಳೆ ಎದ್ದಿವೆ, ದಡಾರವಂತೆ, ಡಾಕ್ಟರು ಹೇಳಿದರು, ಈಗ ಹುಷಾರು ಎಂದ. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಪ್ಪಯ್ಯ ಅಳಲಿಲ್ಲ, ಕೈ ತೊಳೆದುಕೊಂಡು ಒಲೆಗೆ ಸೌದೆ ಇಟ್ಟರು.

ಬೇಕರಿ ಆಮೇಲೂ ಕೆಲವು ವರ್ಷ ನಡೆಯಿತು. ಅತ್ತೆ ತೀರಿಹೋದಳು, ಅಂಗಡಿ ಬೇರೆಯವರ ಕೈ ಸೇರಿತು, ಆ ಸಾಲನ್ನೇ ಕೆಡವಿ ಏನೋ ಕಟ್ಟಿದರು. ಅಪ್ಪಯ್ಯನಲ್ಲಿ ಮಾತ್ರ ಆ ದಿನ ಮುಗಿಯಲೇ ಇಲ್ಲ. ನಾನು ಏನೇ ತಿನ್ನಲಿ, ಮೊದಲ ತುತ್ತು ಗಂಟಲಿಳಿಯುವ ತನಕ ತಾವು ತಟ್ಟೆಗೆ ಕೈ ಹಾಕದೆ ನನ್ನ ಮುಖವನ್ನೇ ನೋಡುತ್ತಿದ್ದರು. ಮದುವೆಯಾಗಿ ಮಕ್ಕಳ ತಾಯಿಯಾಗಿ ತವರಿಗೆ ಬಂದಾಗಲೂ ಹಾಗೆಯೇ. "ಏನಪ್ಪಯ್ಯ ಹಂಗೆ ನೋಡ್ತೀರಿ?" ಎಂದು ರೇಗುತ್ತಿದ್ದೆ. "ಏನಿಲ್ಲ, ಉಣ್ಣವ್ವ," ಎನ್ನುತ್ತಿದ್ದರು.

ಈಗ ನಾನು ಉಣ್ಣುವಾಗ ಯಾರೂ ನೋಡುವುದಿಲ್ಲ.