ಗೋಡೆಗೊಂದು ಗಡಿಯಾರ

ಅಕ್ಟೋಬರ್ ಎರಡನೆಯ ಬುಧವಾರ, ಸಂಜೆ ಆರು ಗಂಟೆ. ಸ್ಥಳ, ಅಮೆರಿಕದ ಸ್ಟರ್ಲಿಂಗ್ ಪಕ್ಕದ ನಮ್ಮ ಪುಟ್ಟ ಊರಿನ ಕೌನ್ಸಿಲ್ ಸಭಾಂಗಣ. ಹಾಜರಿದ್ದವರು: ಐವರು ಸದಸ್ಯರು, ಜೂಜಿನ ಯಂತ್ರಗಳ ಅಂಗಡಿಗೆ ಪರವಾನಗಿ ಕೇಳಿದವರ ವಕೀಲ, ಊರಿನ ಕೆಲವರು, ನಾನು, ಮತ್ತು ಬರುವುದಿಲ್ಲವೆಂದು ಹಟ ಹಿಡಿದರೂ ನಾನು ಕರೆತಂದ ಗೆಳತಿ ವಿಮಲಾ.

ಹೀಗೆ ಬರೆಯುವುದು ನನ್ನ ಚಟ. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಹೆಡ್ ನರ್ಸ್ ಆಗಿ ವಾರ್ಡಿನ ರಿಪೋರ್ಟ್ ಬುಕ್ ಬರೆದೂ ಬರೆದೂ, ಈಗ ತಾರೀಖು, ಗಂಟೆ ಹಾಕದೆ ಉಪ್ಪಿಟ್ಟನ್ನೂ ಕೆದಕಲಾರೆ. ಇಸ್ಪೀಟಿನ ಚಟಕ್ಕಿಂತ ವಾಸಿ ಎಂದುಕೊಂಡಿದ್ದೆ. ಅದೇ ಚಟ ಆ ಸಂಜೆ ನನ್ನ ಮಾನ ತೆಗೆಯಿತು.

ಜೂಜು ಎಂದರೆ ಕಿವಿ ಮುಚ್ಚಿಕೊಳ್ಳುವ ಮಡಿವಂತೆ ನಾನಲ್ಲ. ಯುಗಾದಿಗೆ ಮೈಸೂರಿನ ನಮ್ಮ ಬೀದಿಯ ಜಗಲಿಗಳಲ್ಲೆಲ್ಲ ಇಸ್ಪೀಟು. ಪೊಲೀಸರು ಆ ಮೂರು ದಿನ ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಆದರೆ ಒಳಗಿನಿಂದ "ಊಟಕ್ಕೆ ಏಳಿ" ಎಂಬ ಕೂಗು ಬಂದರೆ ಎಂಥ ಆಟಗಾರನೂ ಏಳಬೇಕಿತ್ತು. ಅಂದಿನ ಪರವಾನಗಿಗೆ ಅದೊಂದೇ ಷರತ್ತು.

ವಿಮಲಾಳಿಗೆ ಹಾಗೆ ಕೂಗುವವರಿಲ್ಲ. ಗಂಡ ಹೋದ ಮೇಲೆ ಅವಳು ಪೆಟ್ರೋಲ್ ಹಾಕಿಸುವ ಗ್ಯಾಸ್ ಸ್ಟೇಷನ್ನಿನ ಅಂಗಡಿಯ ಮೂಲೆಯಲ್ಲಿದ್ದ ಜೂಜಿನ ಯಂತ್ರದ ಮುಂದೆ ಕೂರತೊಡಗಿದಳು. ಆಗಸ್ಟಿನಲ್ಲಿ ಒಂದು ದಿನ, ಬೆಳಿಗ್ಗೆ ಇನ್ಸುಲಿನ್ ತೆಗೆದುಕೊಂಡವಳು ಮಧ್ಯಾಹ್ನದ ಊಟ ಮರೆತು, ಸಕ್ಕರೆ ಇಳಿದು, ಅಲ್ಲೇ ಕುಸಿದಳು. ಓಡಿಹೋದ ನಾನು ಮೊದಲು ನೋಡಿದ್ದು ನಾಡಿ, ಆಮೇಲೆ ಗೋಡೆ. ಗಡಿಯಾರವಿರಲಿಲ್ಲ. ಕಿಟಕಿಯ ಗಾಜಿಗೆ ಪೂರ್ತಿ ಪೋಸ್ಟರು. ಈಗ ಅಂಥ ಯಂತ್ರಗಳದೇ ಒಂದು ಅಂಗಡಿ, ಅವಳು ದಿನವೂ ಸೊಪ್ಪು ತರುವ ಇಂಡಿಯನ್ ಸ್ಟೋರಿನ ಪಕ್ಕಕ್ಕೇ ಬರುವುದಿತ್ತು.

ಕೌನ್ಸಿಲ್ಲಿನವರು ಶಿಸ್ತಿನ ಜನ, ಒಪ್ಪುತ್ತೇನೆ. ಶಾಲೆ ಎಷ್ಟು ದೂರ, ಬೋರ್ಡು ಎಷ್ಟು ಅಗಲ, ಎಲ್ಲ ಕೇಳಿದರು. ಕಾರು ಎಲ್ಲಿ ನಿಲ್ಲಬೇಕೆಂದು ಅರ್ಧ ಗಂಟೆ ಚರ್ಚೆ. ಮನುಷ್ಯ ಒಳಗೆ ಎಷ್ಟು ಹೊತ್ತು ಕೂರುತ್ತಾನೆಂದು ಅರ್ಧ ನಿಮಿಷವೂ ಇಲ್ಲ.

ನನಗೆ ಸಿಕ್ಕಿದ್ದು ಮೂರು ನಿಮಿಷ. ಎರಡೂವರೆಯಲ್ಲಿ ಮುಗಿಸಿದೆ. ಗೋಡೆಗೊಂದು ಗಡಿಯಾರ ಮತ್ತು ಮುಚ್ಚದ ಗಾಜು ಇಲ್ಲದೆ ಪರವಾನಗಿ ಕೊಡಕೂಡದು ಎಂದೆ. ನಾವು ಹಿರಿಯರು ಎಷ್ಟು ಅಚ್ಚುಕಟ್ಟಿನವರೆಂದು ತೋರಿಸಲು ನಮ್ಮ ಶನಿವಾರದ ಕೂಟದ ವರದಿಯನ್ನು ಇಂಗ್ಲಿಷಿಗೆ ಮಾಡಿ, ಮೊದಲೇ ಕೊಟ್ಟಿದ್ದ ಲಿಖಿತ ಮನವಿಗೆ ನಾನೇ ಲಗತ್ತಿಸಿದ್ದೆ. ವಕೀಲ ಅದನ್ನೇ ಎತ್ತಿಕೊಂಡ.

"ಬೆಳಿಗ್ಗೆ ಹತ್ತೂವರೆ, ಕಮ್ಯುನಿಟಿ ಸೆಂಟರ್. ತಂಬೋಲ. ಟಿಕೆಟ್ ಒಂದು ಡಾಲರ್. ಬಹುಮಾನ, ಇಡ್ಲಿ ಸ್ಟ್ಯಾಂಡ್," ಎಂದು ಓದಿ, "ಮ್ಯಾಮ್, ಇದೂ ಜೂಜೇ ಅಲ್ಲವೆ? ಪರ್ಮಿಟ್ ಇದೆಯೆ?" ಎಂದ. ಸಭೆ ನಕ್ಕಿತು.

ವಿಮಲಾ ನನ್ನ ತೋಳು ಎಳೆದಳು. "ಸಾಕು ಬನ್ನಿ ಅಕ್ಕ, ಮರ್ಯಾದೆ ಹೋಯ್ತು."

ಹೋಗಿದ್ದು ಹೋಯಿತು, ನಾನು ಕೂರಲಿಲ್ಲ. "ಪರ್ಮಿಟ್ ಇಲ್ಲ. ತಪ್ಪು ನನ್ನದು. ಇವತ್ತೇ ಅರ್ಜಿ ಬರೆಯುತ್ತೇನೆ. ಆದರೆ ಮುಂದಿನ ಸಾಲನ್ನೂ ಓದಿ" ಎಂದೆ.

ಅವನು ಓದಲಿಲ್ಲ. ಅಧ್ಯಕ್ಷೆ ಓದಿದರು: "ಹನ್ನೆರಡೂವರೆಗೆ ಆಟ ನಿಲ್ಲಿಸಿ ಊಟ. ಒಂದೇ ನಂಬರ್ ಬಾಕಿಯಿದ್ದ ಇಬ್ಬರು ಗೊಣಗಿದರು. ಗೊಣಗಾಟವನ್ನು ಪರಿಗಣಿಸಲಿಲ್ಲ."

ಈ ಸಲ ಸಭೆ ನನ್ನ ಪರವಾಗಿ ನಕ್ಕಿತು. ಪರವಾನಗಿ ಮಾತ್ರ ಸಿಕ್ಕೇಬಿಟ್ಟಿತು. ಮೂರು ಮತ ಅತ್ತ, ಎರಡು ಇತ್ತ. ಆದರೆ ಷರತ್ತುಗಳ ಕೊನೆಗೆ ಗಡಿಯಾರವೂ ಮುಚ್ಚದ ಗಾಜೂ ಸೇರಿದವು. ಇದನ್ನು ಸೋಲು ಎನ್ನುವವರ ಜೊತೆ ನನಗೆ ವಾದವಿಲ್ಲ. ಅವರು ಯಾವತ್ತೂ ವಾರ್ಡು ನೋಡಿಕೊಂಡವರಲ್ಲ.

ಕಾರಿನಲ್ಲಿ ವಿಮಲಾ ಕೇಳಿದಳು: "ಇನ್ಮೇಲೆ ನಾನಲ್ಲಿ ಕೂತ್ರೆ ನೀವು ಗ್ಲಾಸಿಂದ ಇಣುಕ್ತೀರಿ, ಅಷ್ಟೇ ತಾನೆ?"

"ಇಣುಕೋದೇನು, ಒಳಗೇ ಬಂದು ಊಟಕ್ಕೆ ಏಳು ಅಂತ ಕೂಗ್ತೀನಿ."

ಎಂಟು ಗಂಟೆಗೆ ನನ್ನ ಮನೆಯಲ್ಲಿ ಇಬ್ಬರೂ ಸಾರು ಅನ್ನ ಉಂಡೆವು. ಆಮೇಲೆ ಕೌನ್ಸಿಲ್ ಕೌಂಟರಿನಿಂದ ತಂದಿದ್ದ ತಂಬೋಲದ ಅರ್ಜಿ ತುಂಬಲು ಕೂತೆ. ಆಟದ ಹೊಣೆ ಯಾರದು ಎಂದು ಕೇಳಿದ್ದ ಕಡೆ ವಿಮಲಾಳ ಹೆಸರು ಬರೆದೆ.

"ಅಯ್ಯೋ, ನನ್ನ ಹೆಸರಾ? ನಂಗೇ ನಿಲ್ಸೋಕೆ ಬರಲ್ವಲ್ಲ ಅಕ್ಕ!"

"ಅದಕ್ಕೇ ನಿನ್ನ ಹೆಸರು. ಹನ್ನೆರಡೂವರೆಗೆ ನಿಲ್ಸು. ನಾನೇ ಗೊಣಗಿದ್ರೂ ಬಿಡ್ಬೇಡ."

ಅವಳು ಗೋಡೆಯ ಗಡಿಯಾರವನ್ನೊಮ್ಮೆ ನೋಡಿ, ಕನ್ನಡದಲ್ಲೇ ಸಹಿ ಹಾಕಿದಳು. ಎಂಟು ಐವತ್ತಕ್ಕೆ ನಾನು ಲಕೋಟೆ ಅಂಟಿಸಿದೆ.